ಚೇತರಿಕೆಯ ಕಾಲದ ಪ್ರವಾಸ ದರಗಳು: ರಾಮನಗರ ಸೀಮೆಯ ನಿದರ್ಶನ

ಪ್ರವಾಸದ ದರ ಎಂಬುದು ಒಂದೇ ದರವಲ್ಲ. ಬಸ್ಸು, ರೈಲು ಅಥವಾ ಕಾರಿನ ಖರ್ಚು, ರಸ್ತೆಯ ಟೋಲು, ತಂಗುವ ಕೋಣೆಯ ಬಾಡಿಗೆ, ಊಟ ತಿಂಡಿ, ನೋಡುವ ಜಾಗದ ಪ್ರವೇಶ ಶುಲ್ಕ, ಹಿಂದಿರುಗುವಾಗ ಕೊಳ್ಳುವ ಸಾಮಾನು, ಇವುಗಳ ಮೇಲೆ ಬೀಳುವ ತೆರಿಗೆ ಎಲ್ಲವೂ ಸೇರಿ ಒಂದು ಪ್ರವಾಸದ ಬೆಲೆಯಾಗುತ್ತದೆ. ಇವುಗಳಲ್ಲಿ ಕೆಲವನ್ನು ಸರ್ಕಾರ ನಿಗದಿ ಮಾಡುತ್ತದೆ. ಕೆಲವನ್ನು ಮಾಲೀಕ ವಾರ, ದಿನ, ಜನಸಂದಣಿ ನೋಡಿ ನಿರ್ಧರಿಸುತ್ತಾನೆ. ಇನ್ನು ಕೆಲವು ರಸ್ತೆ ಬದಿಯ ಚೌಕಾಸಿಯಲ್ಲಿ ತೀರ್ಮಾನವಾಗುತ್ತವೆ. ಕೊರೊನಾ ನಂತರ ಪ್ರವಾಸೋದ್ಯಮ ಚೇತರಿಸಿಕೊಂಡಾಗ ಈ ಮೂರು ಬಗೆಯ ದರಗಳು ಮೂರು ದಾರಿ ಹಿಡಿದವು. ಏರಿಕೆ ಎಲ್ಲಿ ನಿಂತಿತು, ಯಾರ ಕೈಗೆ ತಲುಪಿತು, ಯಾರ ಕೈ ತಪ್ಪಿಸಿ ಹೋಯಿತು ಎಂಬುದನ್ನು ಬೆಂಗಳೂರಿನ ನೆರೆಯ ನಾಲ್ಕು ತಾಲ್ಲೂಕುಗಳಲ್ಲಿ ಸ್ಪಷ್ಟವಾಗಿ ಕಾಣಬಹುದು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದವು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾಯಿತು. ರಾಜಧಾನಿಯಿಂದ ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದಾದಷ್ಟು ದೂರದಲ್ಲಿ ನಾಲ್ಕೂ ಪಟ್ಟಣಗಳಿವೆ. ನೋಡುವ ಜಾಗಗಳಿಗೂ ಕೊರತೆಯಿಲ್ಲ. ರಾಮನಗರದಲ್ಲಿ ರಾಮದೇವರ ಬೆಟ್ಟ ಮತ್ತು ಅಲ್ಲಿನ ರಣಹದ್ದು ಧಾಮ, ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ, ಬಿಡದಿಯ ಬಳಿ ವಂಡರ್‌ಲಾ. ಚನ್ನಪಟ್ಟಣದಲ್ಲಿ ಬೊಂಬೆ, ಕೆಂಗಲ್ ಆಂಜನೇಯ, ದೊಡ್ಡಮಳೂರಿನ ಅಪ್ರಮೇಯ ಸ್ವಾಮಿ ಮತ್ತು ಅಂಬೆಗಾಲು ಕೃಷ್ಣ, ಕಣ್ವ ಜಲಾಶಯ. ಕನಕಪುರದಲ್ಲಿ ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮ, ಮೇಕೆದಾಟು, ಚುಂಚಿ ಜಲಪಾತ, ಕಬ್ಬಾಳಮ್ಮನ ಗುಡಿ. ಮಾಗಡಿಯಲ್ಲಿ ಸಾವನದುರ್ಗ, ಮಂಚನಬೆಲೆ, ಕೆಂಪೇಗೌಡರ ಕೋಟೆ, ರಂಗನಾಥ ಸ್ವಾಮಿ. ಇಲ್ಲಿಗೆ ಬರುವವರಲ್ಲಿ ಬಹುಪಾಲು ಜನ ರಾತ್ರಿ ತಂಗುವುದಿಲ್ಲ. ಬರುವುದೂ ಹೆಚ್ಚಾಗಿ ಶನಿವಾರ, ಭಾನುವಾರ. ಈ ಎರಡು ಸಂಗತಿಗಳನ್ನು ಮರೆತರೆ ಇಲ್ಲಿನ ದರಗಳ ಏರಿಳಿತ ಅರ್ಥವಾಗುವುದಿಲ್ಲ.

ಪ್ರವಾಸೋದ್ಯಮ ಮಾರುವ ಸರಕಿಗೆ ದಾಸ್ತಾನು ಎಂಬುದಿಲ್ಲ. ಇವತ್ತು ರಾತ್ರಿ ಖಾಲಿ ಉಳಿದ ಕೋಣೆಯನ್ನು ನಾಳೆ ಎರಡು ಸಲ ಮಾರಲಾಗದು; ಖಾಲಿ ಹೊರಟ ಬಸ್ಸಿನ ಸೀಟೂ ಅಷ್ಟೆ. ಖರ್ಚು ಮಾತ್ರ ನಿಲ್ಲುವುದಿಲ್ಲ. ಸಾಲದ ಬಡ್ಡಿ, ವಿದ್ಯುತ್ತಿನ ನಿಗದಿತ ಶುಲ್ಕ, ಕಾವಲುಗಾರನ ಸಂಬಳ, ತೋಟದ ನಿರ್ವಹಣೆ ಇವೆಲ್ಲ ಅತಿಥಿ ಬಂದರೂ ಬಾರದಿದ್ದರೂ ಇದ್ದದ್ದೇ. 2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಆರಂಭವಾದಾಗ ಈ ಉದ್ಯಮಕ್ಕೆ ಬಿದ್ದ ಪೆಟ್ಟು ದರ ಇಳಿದದ್ದರಿಂದಲ್ಲ, ಮಾರಾಟವೇ ನಿಂತದ್ದರಿಂದ. ಜಗತ್ತಿನಾದ್ಯಂತ ಆ ವರ್ಷ ಅಂತರರಾಷ್ಟ್ರೀಯ ಪ್ರವಾಸಿಗರ ಸಂಖ್ಯೆ 2019ಕ್ಕೆ ಹೋಲಿಸಿದರೆ ಶೇ 70ಕ್ಕೂ ಹೆಚ್ಚು ಕುಸಿಯಿತೆಂದು ವಿಶ್ವ ಪ್ರವಾಸೋದ್ಯಮ ಸಂಸ್ಥೆಯ ಅಂಕಿಅಂಶಗಳು ಹೇಳುತ್ತವೆ. ಕರ್ನಾಟಕದಲ್ಲಿ 2021ರ ಏಪ್ರಿಲ್ ಕೊನೆಯಲ್ಲಿ ಮತ್ತೆ ಬಾಗಿಲು ಮುಚ್ಚಿತು. 2022ರ ಜನವರಿಯಲ್ಲಿ ಮೂರನೆಯ ಅಲೆ ಬಂದಾಗ ರಾಜ್ಯ ಸರ್ಕಾರ ಜಾರಿಗೆ ತಂದದ್ದು ವಾರಾಂತ್ಯದ ಕರ್ಫ್ಯೂ. ಬೇರೆ ಕಡೆ ಅದು ವಾರದ ಎರಡು ದಿನಗಳ ನಷ್ಟ. ವಾರವೆಲ್ಲದರ ದುಡಿಮೆಯೂ ಆ ಎರಡೇ ದಿನಗಳಲ್ಲಿ ಆಗಬೇಕಾದ ಈ ಸೀಮೆಯಲ್ಲಿ ಅದು ಇಡೀ ವಾರದ ನಷ್ಟವಾಯಿತು.

ಚೇತರಿಕೆ ಮೊದಲು ಕಾಣಿಸಿಕೊಂಡದ್ದು ಹತ್ತಿರದ ಊರುಗಳಲ್ಲಿ. ನಿಯಮಿತ ಅಂತರರಾಷ್ಟ್ರೀಯ ವಿಮಾನಗಳು 2020ರ ಮಾರ್ಚ್‌ನಿಂದ 2022ರ ಮಾರ್ಚ್ 27ರವರೆಗೆ ಹಾರಲಿಲ್ಲ. ದೇಶದೊಳಗಿನ ವಿಮಾನಗಳಿಗೆ 2020ರ ಮೇ 25ರಿಂದ 2022ರ ಆಗಸ್ಟ್ 31ರವರೆಗೆ ಸರ್ಕಾರವೇ ಕನಿಷ್ಠ, ಗರಿಷ್ಠ ದರ ಕಟ್ಟಿತ್ತು. ಗುಂಪಿನಲ್ಲಿ ಕೂರುವ ಭಯವೂ ಇತ್ತು. ಹೀಗಾಗಿ ವಿದೇಶಕ್ಕೋ ಗೋವೆಗೋ ಹೋಗುತ್ತಿದ್ದ ಬೆಂಗಳೂರಿನ ಅನುಕೂಲಸ್ಥ ಕುಟುಂಬಗಳು ಸ್ವಂತ ಕಾರಿನಲ್ಲಿ ಒಂದೆರಡು ಗಂಟೆಯಲ್ಲಿ ತಲುಪಬಹುದಾದ ತೋಟದ ಮನೆ, ರೆಸಾರ್ಟ್, ಹೋಂ ಸ್ಟೇಗಳ ಕಡೆ ತಿರುಗಿದವು. ಕೋಣೆಗಳ ಸಂಖ್ಯೆ ಹಾಗೇ ಇತ್ತು, ಕೇಳುವವರು ಹೆಚ್ಚಾದರು, ಕೇಳಿದವರ ಬಳಿ ಎರಡು ವರ್ಷ ಖರ್ಚಾಗದೆ ಉಳಿದ ಹಣವೂ ಇತ್ತು. ಮಾಲೀಕರಿಗೆ ಹಳೆಯ ನಷ್ಟ ತುಂಬಿಕೊಳ್ಳುವ ಒತ್ತಡ. ಊರಿಗೆ ಹೋದ ಕೆಲಸಗಾರರನ್ನು ಮರಳಿ ಕರೆಸಲು ಹೆಚ್ಚಿನ ಸಂಬಳ. ದರ ಏರಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಏರಿದ್ದು ಯಾವ ದಿನದ ದರ ಎಂಬುದನ್ನು ಗಮನಿಸಬೇಕು. ಇಪ್ಪತ್ತು ಕೋಣೆಗಳ ಒಂದು ತಂಗುದಾಣ ಇದೆಯೆಂದು ಭಾವಿಸೋಣ. ವಾರದ ಏಳು ರಾತ್ರಿಗಳಿಗೆ ಅದು ಮಾರಬಹುದಾದದ್ದು ನೂರ ನಲವತ್ತು ಕೋಣೆ. ಶುಕ್ರವಾರ ಮತ್ತು ಶನಿವಾರದ ರಾತ್ರಿ ಪೂರ್ತಿ ತುಂಬಿ, ಉಳಿದ ಐದು ರಾತ್ರಿ ನಾಲ್ಕೈದು ಕೋಣೆಗಳಷ್ಟೇ ಹೋದರೆ ಅರ್ಧದಷ್ಟೂ ಮಾರಾಟವಾಗದು. ಏಳು ದಿನದ ಖರ್ಚನ್ನು ಎರಡು ರಾತ್ರಿಯ ಅತಿಥಿಗಳಿಂದಲೇ ವಸೂಲು ಮಾಡಬೇಕು. ಶನಿವಾರದ ಕೋಣೆ ದುಬಾರಿಯಾಗುವುದಕ್ಕೆ ದುರಾಸೆಯೊಂದೇ ಕಾರಣವಲ್ಲ, ಮಂಗಳವಾರದ ಖಾಲಿ ಕೋಣೆಯೂ ಕಾರಣ. ಮನರಂಜನಾ ಪಾರ್ಕುಗಳು ವಾರದ ದಿನಕ್ಕೊಂದು, ವಾರಾಂತ್ಯಕ್ಕೊಂದು, ರಜಾ ಕಾಲಕ್ಕೊಂದು ಟಿಕೆಟ್ ದರ ಇಟ್ಟು, ಮುಂಗಡ ಕಾದಿರಿಸಿದವರಿಗೆ ರಿಯಾಯಿತಿ ಕೊಡುವುದೂ ಇದೇ ಲೆಕ್ಕಾಚಾರದಿಂದ. ಸಾಂಕ್ರಾಮಿಕಕ್ಕೂ ಮೊದಲೇ ಇದ್ದ ಈ ಪದ್ಧತಿ ಆನಂತರ ಸಣ್ಣ ಹೋಂ ಸ್ಟೇಗಳವರೆಗೂ ಇಳಿಯಿತು, ಏಕೆಂದರೆ ಕಾದಿರಿಸುವಿಕೆ ಮೊಬೈಲಿಗೆ ಬಂತು. ಗೋಡೆಗೆ ತೂಗುಹಾಕಿದ ದರಪಟ್ಟಿ ವರ್ಷಕ್ಕೊಮ್ಮೆ ಬದಲಾಗುತ್ತಿತ್ತು. ಮೊಬೈಲಿನ ದರ ಗಂಟೆಗೊಮ್ಮೆ ಬದಲಾಗಬಲ್ಲದು.

ತೆರಿಗೆಯದು ಬೇರೆ ಕಥೆ. ದಿನಕ್ಕೆ ಸಾವಿರ ರೂಪಾಯಿಗಿಂತ ಕಡಿಮೆ ಬಾಡಿಗೆಯ ಕೋಣೆಗಳಿಗೆ ಮೊದಲು ಜಿಎಸ್‌ಟಿ ಇರಲಿಲ್ಲ. 2022ರ ಜುಲೈ 18ರಿಂದ ಆ ವಿನಾಯಿತಿ ಹೋಗಿ ಶೇ 12ರ ತೆರಿಗೆ ಬಂತು. 900 ರೂಪಾಯಿಯ ಕೋಣೆ 1,008 ರೂಪಾಯಿ ಆಯಿತು. ಜನ ಮತ್ತೆ ಊರು ಬಿಟ್ಟು ಹೊರಡುತ್ತಿದ್ದ ಹೊತ್ತಿನಲ್ಲೇ ಅಗ್ಗದ ಕೋಣೆ ಹುಡುಕುವವನ ಮೇಲೆ ಈ ಭಾರ ಬಿತ್ತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ಕೋಣೆಗಳಿಗೆ ತೆರಿಗೆ ಶೇ 5ಕ್ಕೆ ಇಳಿದಿದೆ. ಅದೇ ಕೋಣೆ ಈಗ 945 ರೂಪಾಯಿ. ನೋಂದಣಿಯ ಮಿತಿಗಿಂತ ಕೆಳಗಿನ ವಹಿವಾಟಿನ ಸಣ್ಣ ಲಾಡ್ಜು, ಹೋಂ ಸ್ಟೇಗಳಿಗೆ ಈ ಏರಿಳಿತ ನೇರವಾಗಿ ತಟ್ಟದು. ತೆರಿಗೆ ಇಳಿದರೂ ಹೋಟೆಲಿನವರು ತಾವು ಕೊಳ್ಳುವ ಸರಕಿಗೆ ಕಟ್ಟಿದ ತೆರಿಗೆಯನ್ನು ಮರಳಿ ಪಡೆಯುವಂತಿಲ್ಲವಾದ್ದರಿಂದ ಇಳಿಕೆಯ ಒಂದು ಪಾಲು ಮೂಲ ಬಾಡಿಗೆಯೊಳಕ್ಕೆ ಸೇರಿಹೋಗುವ ಸಾಧ್ಯತೆ ಇದೆ.

ಸರ್ಕಾರ ಕಟ್ಟುವ ದರಗಳು ನಿಧಾನವಾಗಿ, ಮೆಟ್ಟಿಲು ಮೆಟ್ಟಿಲಾಗಿ ಚಲಿಸುತ್ತವೆ. ಕೆಎಸ್‌ಆರ್‌ಟಿಸಿ ಪ್ರಯಾಣ ದರ ಲಾಕ್‌ಡೌನಿಗೆ ಕೇವಲ ಒಂದು ತಿಂಗಳ ಮುಂಚೆ, 2020ರ ಫೆಬ್ರವರಿ ಕೊನೆಯಲ್ಲಿ, ಶೇ 12ರಷ್ಟು ಏರಿತ್ತು. ಮುಂದಿನ ಏರಿಕೆ ಬಂದದ್ದು 2025ರ ಜನವರಿ 5ರಂದು, ಶೇ 15ರಷ್ಟು. ನಡುವಿನ ಸುಮಾರು ಐದು ವರ್ಷಗಳಲ್ಲಿ ಡೀಸೆಲ್ ಬೆಲೆ ಎಷ್ಟೋ ಏರಿಳಿಯಿತು. 2020ರಲ್ಲಿ ಕಚ್ಚಾ ತೈಲ ಕುಸಿದಾಗ ಅದರ ಲಾಭ ಪ್ರಯಾಣಿಕನಿಗೆ ಸಿಗಲಿಲ್ಲ; ಆ ಮೇ ತಿಂಗಳಲ್ಲಿ ಕೇಂದ್ರವು ಪೆಟ್ರೋಲಿಗೆ ಲೀಟರಿಗೆ 10 ರೂಪಾಯಿ, ಡೀಸೆಲಿಗೆ 13 ರೂಪಾಯಿ ಅಬಕಾರಿ ಸುಂಕ ಹೆಚ್ಚಿಸಿತು. ಬೇಡಿಕೆ ಮರಳಿ ತೈಲ ದುಬಾರಿಯಾದಾಗ ಬೆಂಗಳೂರಿನಲ್ಲಿ ಪೆಟ್ರೋಲ್ ನೂರು ರೂಪಾಯಿ ದಾಟಿತು. 2021ರ ನವೆಂಬರ್ ಮತ್ತು 2022ರ ಮೇ ತಿಂಗಳ ಸುಂಕ ಕಡಿತಗಳಿಂದಲೇ ಸ್ವಲ್ಪ ಉಸಿರಾಡುವಂತಾಯಿತು. ಬಸ್ಸಿನ ಟಿಕೆಟ್ ಈ ಎಲ್ಲ ಏರಿಳಿತವನ್ನು ತನ್ನೊಳಗೆ ನುಂಗಿಕೊಂಡಿತು, ಅದರ ಭಾರ ಹೊತ್ತದ್ದು ನಿಗಮ. ಬಾಡಿಗೆ ಕಾರು, ಟೆಂಪೊ ಟ್ರಾವೆಲರ್‌ಗಳ ಕಿಲೋಮೀಟರ್ ದರದಲ್ಲಿ ಮಾತ್ರ ಅದು ಹಾಗೇ ಕಾಣಿಸಿತು.

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ ಒಂದು ದರವನ್ನು ಸೊನ್ನೆಗೇ ಇಳಿಸಿತು. ರಾಜ್ಯದ ಮಹಿಳೆಯರಿಗೆ ಐಷಾರಾಮಿಯಲ್ಲದ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಇಬ್ಬರು ಹೆಂಗಸರು, ಇಬ್ಬರು ಗಂಡಸರಿರುವ ಮನೆಯವರು ಕಬ್ಬಾಳಿಗೋ ದೊಡ್ಡಮಳೂರಿಗೋ ಹೊರಟರೆ ಬಸ್ಸಿನ ಖರ್ಚು ಅರ್ಧವಾಯಿತು. ಹೆಂಗಸರೇ ಕೂಡಿ ಹೊರಟರೆ ಖರ್ಚೇ ಇಲ್ಲ. ಹರಕೆಗೂ ಹಬ್ಬಕ್ಕೂ ಹೊರಡುವ ಇಂಥ ಪ್ರಯಾಣವನ್ನು ಪ್ರವಾಸೋದ್ಯಮದ ಚರ್ಚೆಗಳು ಲೆಕ್ಕಕ್ಕೆ ಹಿಡಿಯುವುದು ಕಡಿಮೆ. ಗುಡಿಯ ಮುಂದಿನ ಹೂವು, ಹಣ್ಣು, ಬಳೆ, ಪುರಿ ಅಂಗಡಿಗಳಿಗೆ ಇವರೇ ಗಿರಾಕಿಗಳು. ರೆಸಾರ್ಟಿನ ಅತಿಥಿ ಗೇಟಿನೊಳಗೆ ಹೋದ ಮೇಲೆ ಆ ಅಂಗಡಿಗಳತ್ತ ಬರುವುದಿಲ್ಲ.

ರೈಲಿನ ವಿಷಯದಲ್ಲಿ ಆದದ್ದು ತದ್ವಿರುದ್ಧ, ಮತ್ತು ಅದನ್ನು ಅನ್ಯಾಯವೆಂದೇ ಕರೆಯಬೇಕು. ಲಾಕ್‌ಡೌನಿನ ನಂತರ ದೇಶದಲ್ಲಿ ಪ್ಯಾಸೆಂಜರ್ ಗಾಡಿಗಳು ಮರಳಿ ಬಂದದ್ದು ವಿಶೇಷ ಗಾಡಿಗಳ ಹೆಸರಿನಲ್ಲಿ, ಎಕ್ಸ್‌ಪ್ರೆಸ್ ದರದಲ್ಲಿ. ಕನಿಷ್ಠ ಟಿಕೆಟ್ 10 ರೂಪಾಯಿಯಿಂದ 30 ರೂಪಾಯಿಗೆ ಹೋಯಿತು. ಗಾಡಿ ಅದೇ, ಹಳಿ ಅದೇ, ನಿಲ್ಲುವ ನಿಲ್ದಾಣಗಳೂ ಅವೇ. ಅನವಶ್ಯಕ ಪ್ರಯಾಣ ತಡೆಯುವುದು ಉದ್ದೇಶವೆಂಬ ಸಮರ್ಥನೆಗೆ 2020ರಲ್ಲಿ ಅರ್ಥವಿತ್ತು. ಸೋಂಕಿನ ನಿರ್ಬಂಧಗಳೆಲ್ಲ ಕಳೆದ ಮೇಲೂ ಹೆಚ್ಚಿದ ದರ ಉಳಿದು, ಹಳೆಯ ದರ ಮರಳಿದ್ದು 2024ರ ಫೆಬ್ರವರಿ ಕೊನೆಯಲ್ಲಿ. ಕಾರಿನ ಪ್ರವಾಸಿ ಇದನ್ನು ಗಮನಿಸಿರಲಾರ. ಬಿಡದಿ, ರಾಮನಗರ, ಚನ್ನಪಟ್ಟಣಗಳಿಂದ ದಿನವೂ ಬೆಂಗಳೂರಿಗೆ ಹೋಗಿ ಬರುವ ಕೂಲಿಕಾರನಿಗೆ, ಭಾನುವಾರ ಮಕ್ಕಳನ್ನು ಕರೆದುಕೊಂಡು ಹೊರಡುವ ಬಡ ಕುಟುಂಬಕ್ಕೆ ಅದು ದೊಡ್ಡ ಮೊತ್ತ. ಹಿರಿಯ ನಾಗರಿಕರಿಗಿದ್ದ ರಿಯಾಯಿತಿಯೂ 2020ರ ಮಾರ್ಚ್‌ನಲ್ಲಿ ನಿಂತದ್ದು ಆ ನಿರ್ಬಂಧಗಳು ಹೋದ ಮೇಲೂ ಮರಳಲಿಲ್ಲ. ತುರ್ತಿನ ಕಾಲದಲ್ಲಿ ಏರಿದ ಸಾರ್ವಜನಿಕ ದರಕ್ಕೆ ಕೊನೆಯ ದಿನಾಂಕವನ್ನೂ ಆಗಲೇ ಬರೆದಿಡದಿದ್ದರೆ ಅದು ತಾನಾಗಿ ಇಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈ ಸೀಮೆಯ ದರಗಳ ನಕ್ಷೆಯನ್ನೇ ಬದಲಿಸಿದ್ದು ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ. ಸುಮಾರು 118 ಕಿಲೋಮೀಟರ್ ಉದ್ದದ ಇದರ ಉದ್ಘಾಟನೆ 2023ರ ಮಾರ್ಚ್ 12ರಂದು ಆಯಿತು. ಎರಡೇ ದಿನಗಳಲ್ಲಿ ಬೆಂಗಳೂರು–ನಿಡಘಟ್ಟ ಭಾಗದಲ್ಲಿ ಟೋಲ್ ವಸೂಲಿ ಶುರುವಾಯಿತು. ಮೈಸೂರಿನ ಕಡೆ ಹೋಗುವವರಿಗೆ ಕಣಿಮಿಣಿಕೆ, ಬೆಂಗಳೂರಿಗೆ ಬರುವವರಿಗೆ ಶೇಷಗಿರಿಹಳ್ಳಿ. ಕಾರಿಗೆ ಒಂದು ಸಲಕ್ಕೆ 135 ರೂಪಾಯಿ ಇದ್ದದ್ದು ಮೂರು ತಿಂಗಳೊಳಗೆ, ಜೂನ್‌ನಲ್ಲಿ, 165 ರೂಪಾಯಿ ಆಯಿತು. ಹೋಗಿಬರುವ ದರ 205ರಿಂದ 250ಕ್ಕೆ ಏರಿತು. ರಾಷ್ಟ್ರೀಯ ಹೆದ್ದಾರಿ ಶುಲ್ಕದ 2008ರ ನಿಯಮಗಳ ಪ್ರಕಾರ ಟೋಲ್ ವರ್ಷಕ್ಕೆ ಶೇ 3ರಷ್ಟು ಏರುತ್ತದೆ, ಅದರ ಮೇಲೆ ಸಗಟು ಬೆಲೆ ಸೂಚ್ಯಂಕದ ಏರಿಕೆಯ ಶೇ 40 ಸೇರುತ್ತದೆ. ಪ್ರವಾಸಿಗರು ಹೆಚ್ಚಿದರೂ ಕಡಿಮೆಯಾದರೂ ಈ ದರ ಏರುವುದೇ. ಕೆಎಸ್‌ಆರ್‌ಟಿಸಿ ಕೂಡ ಈ ದಾರಿಯ ಬಸ್ಸುಗಳಿಗೆ ಬಳಕೆದಾರರ ಶುಲ್ಕ ಸೇರಿಸಿತು: ಸಾಮಾನ್ಯ ಸಾರಿಗೆಗೆ 15 ರೂಪಾಯಿ, ರಾಜಹಂಸಕ್ಕೆ 18, ಅದಕ್ಕಿಂತ ಮೇಲಿನವಕ್ಕೆ 20.

ಹಣದ ಲೆಕ್ಕದಲ್ಲಿ ದುಬಾರಿಯಾದ ಪ್ರಯಾಣ ಸಮಯದ ಲೆಕ್ಕದಲ್ಲಿ ಅಗ್ಗವಾಯಿತು. ಮೂರು ಗಂಟೆ ಹಿಡಿಯುತ್ತಿದ್ದ ಮೈಸೂರಿನ ದಾರಿ ಒಂದೂವರೆ ಗಂಟೆಯ ಆಸುಪಾಸಿಗೆ ಇಳಿಯಿತು. ಮೈಸೂರು, ಕೊಡಗು, ಊಟಿಗೆ ಹೋಗುವವನಿಗೆ ಇದು ಲಾಭ. ನಡುವಿನ ಊರುಗಳಿಗೆ ಇದರ ಪರಿಣಾಮ ಬೇರೆ. ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಬೈಪಾಸ್‌ಗಳು ಬಳಸಿ ಹೋಗುತ್ತವೆ. ಮೊದಲು ಊರಿನ ನಡುವೆಯೇ ಹಾಯುತ್ತಿದ್ದ ಕಾರು ತಟ್ಟೆ ಇಡ್ಲಿಗೆಂದು ನಿಲ್ಲಲು ರಸ್ತೆಯ ಅಂಚಿಗೆ ಸರಿದರೆ ಸಾಕಿತ್ತು. ನಿಲ್ಲುವುದಕ್ಕೆ ಖರ್ಚೇ ಇರಲಿಲ್ಲ. ಈಗ ಹೆದ್ದಾರಿ ಬಿಟ್ಟು ಇಳಿಯಬೇಕು, ಸರ್ವಿಸ್ ರಸ್ತೆ ಹಿಡಿಯಬೇಕು, ಊರೊಳಗೆ ಬಂದು ಮತ್ತೆ ಹತ್ತುವ ದಾರಿ ಹುಡುಕಬೇಕು. ಟೋಲ್ ಕಟ್ಟಿ ಕೊಂಡ ಸಮಯವನ್ನು ಇಡ್ಲಿಗಾಗಿ ಕಳೆಯಲು ಅನೇಕರು ಒಪ್ಪುವುದಿಲ್ಲ. ಯಾವ ದರಪಟ್ಟಿಯಲ್ಲೂ ಕಾಣದ ಈ ಬೆಲೆಯೇ ಹಳೆಯ ರಸ್ತೆಯ ಹೋಟೆಲು, ಎಳನೀರು, ಬೊಂಬೆ ಅಂಗಡಿಗಳ ವ್ಯಾಪಾರ ಇಳಿಸಿದ್ದು. ಸಾಂಕ್ರಾಮಿಕ ಮುಗಿದು ರಾಜ್ಯದ ಪ್ರವಾಸೋದ್ಯಮ ಚೇತರಿಸಿಕೊಂಡ ವರ್ಷದಲ್ಲೇ ಈ ಅಂಗಡಿಗಳಿಗೆ ಎರಡನೆಯ ಪೆಟ್ಟು ಬಿತ್ತು.

ಚನ್ನಪಟ್ಟಣದ ಬೊಂಬೆಯ ದರ ಏಕೆ ಏರಲಾರದು ಎಂಬುದು ಅದು ತಯಾರಾಗುವ ರೀತಿಯಲ್ಲೇ ಇದೆ. ಒಣಗಿಸಿದ ಆಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ತಿರುಗುವ ಮರಕ್ಕೆ ಉಳಿ ಹಿಡಿದು ಆಕಾರ ಕೊಡುತ್ತಾರೆ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರದ ಮೈಗೆ ಹತ್ತಿಕೊಳ್ಳುತ್ತದೆ. ಕೊನೆಗೆ ತಾಳೆಗರಿ ಹಿಡಿದು ಉಜ್ಜಿದಾಗ ಹೊಳಪು ಬರುತ್ತದೆ. ಒಂದು ಬೊಂಬೆಗೆ ಇಷ್ಟು ಹೊತ್ತು ಎಂದರೆ ಅಷ್ಟೇ. ಶನಿವಾರ ಜನ ಹೆಚ್ಚು ಬಂದರೆಂದು ಕೈ ಬೇಗ ಓಡದು, ಮಂಗಳವಾರ ಯಾರೂ ಬರಲಿಲ್ಲವೆಂದು ಮರದ ಬೆಲೆ ಇಳಿಯದು. ಇತ್ತ ಮಾರುವಾಗ ಪಕ್ಕದಲ್ಲೇ ಯಂತ್ರದಲ್ಲಿ ಮಾಡಿದ ಅಗ್ಗದ ಪ್ಲಾಸ್ಟಿಕ್ ಆಟಿಕೆ ಕೂತಿರುತ್ತದೆ. ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಆಮದು ಆಟಿಕೆಗಳ ಮೇಲಿನ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯ ರೇಡಿಯೊ ಭಾಷಣದಲ್ಲಿ ಚನ್ನಪಟ್ಟಣದ ಹೆಸರು ಬಂತು. ಇವುಗಳಿಂದ ದೂರದ ಮಾರುಕಟ್ಟೆಗೆ ಸರಕು ಕಳಿಸುವವರಿಗೆ ಅನುಕೂಲವಾಯಿತು. ರಸ್ತೆ ಬದಿಯ ಅಂಗಡಿಯಲ್ಲಿ ಚೌಕಾಸಿ ಮುಂದುವರಿಯಿತು. ರೆಸಾರ್ಟಿನ ಕೋಣೆಗೆ ಮೊಬೈಲಿನಲ್ಲಿ ಕಾಣಿಸಿದ ದರವನ್ನು ತುಟಿ ಪಿಟಕ್ಕೆನ್ನದೆ ಕೊಟ್ಟ ಕುಟುಂಬವೇ ಬುಗುರಿಗೆ ಇಪ್ಪತ್ತು ರೂಪಾಯಿ ಬಿಡಿಸಿಕೊಳ್ಳುತ್ತದೆ. ದರ ಕಟ್ಟುವ ಬಲ ಯಾರ ಕೈಯಲ್ಲಿದೆಯೋ ಚೇತರಿಕೆಯ ಲಾಭ ಅವರಿಗೇ ಮೊದಲು ಸೇರುತ್ತದೆ ಎಂಬ ಮಾತಿಗೆ ಈ ಒಂದು ಪಟ್ಟಣ ಸಾಕು.

ದರದಿಂದ ಜನರನ್ನು ನಿಯಂತ್ರಿಸಬಾರದ ಜಾಗಗಳೂ ಇವೆ. 2012ರಲ್ಲಿ ರಣಹದ್ದುಗಳ ರಕ್ಷಣೆಗೆಂದೇ ಘೋಷಿತವಾದ ರಾಮದೇವರ ಬೆಟ್ಟದ ಧಾಮ ದೇಶದಲ್ಲೇ ಇಂಥ ಮೊದಲನೆಯದು. ಅಲ್ಲಿ ಬಂಡೆಯ ಅಂಚಿನಲ್ಲಿ ಗೂಡು ಕಟ್ಟುವ ಉದ್ದ ಕೊಕ್ಕಿನ ರಣಹದ್ದಿಗೆ ಬೇಕಾದದ್ದು ಗಲಾಟೆ ಇಲ್ಲದ ಬೆಟ್ಟ. ಹೆಚ್ಚು ಹಣ ಕೊಟ್ಟವನ ಗಲಾಟೆ ಕಡಿಮೆ ಇರುವುದಿಲ್ಲ. ಸಾವನದುರ್ಗದಂಥ ಚಾರಣದ ಬೆಟ್ಟಗಳಿಗೂ ಇದೇ ಮಾತು. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನಜಂಗುಳಿಯಾದ ಮೇಲೆ ಅರಣ್ಯ ಇಲಾಖೆ ರಾಜ್ಯದ ಚಾರಣಗಳನ್ನು ತಡೆದು, ಆನಂತರ ಆನ್‌ಲೈನ್ ಕಾದಿರಿಸುವಿಕೆ ಮತ್ತು ದಿನಕ್ಕಿಷ್ಟು ಜನ ಎಂಬ ಮಿತಿಯ ಕಡೆ ಹೊರಳಿತು. ಶುಲ್ಕ ಸಾಧಾರಣವಾಗಿದ್ದು ಸಂಖ್ಯೆಗೆ ಮಿತಿ ಇರುವುದು, ಶುಲ್ಕ ಏರಿಸಿ ಸಂಖ್ಯೆಯನ್ನು ಇಳಿಸುವುದಕ್ಕಿಂತ ಮೇಲು. ಕಾಲೇಜು ಹುಡುಗನಿಗೂ ಬೆಟ್ಟ ಹತ್ತುವ ಸರದಿ ಸಿಗುತ್ತದೆ. ಸಂಗಮದಲ್ಲಿ ಈ ಮಿತಿಯನ್ನು ನದಿಯೇ ಹಾಕುತ್ತದೆ. ಮೇಕೆದಾಟಿಗೆ ಹೋಗಲು ಅರ್ಕಾವತಿಯನ್ನು ಹರಿಗೋಲಿನಲ್ಲಿ ದಾಟಬೇಕು; ಹೊಳೆ ತುಂಬಿದರೆ ಎಷ್ಟು ಕೊಟ್ಟರೂ ಆಚೆ ದಡವಿಲ್ಲ. ಹೀಗೆ ದುಡಿಮೆ ಇಲ್ಲದ ದಿನಗಳು ಅಂಬಿಗನಿಗೆ ಪ್ರತಿವರ್ಷ ಇರುತ್ತವೆ, ಅವನ ದರದಲ್ಲಿ ಆ ದಿನಗಳ ಪಾಲೂ ಸೇರಿರಬೇಕಾದದ್ದು ನ್ಯಾಯ.

ಮುಂದೆ ದರಗಳು ಎತ್ತ ಹೋಗಬಹುದು? 2019ರ ಮಟ್ಟಕ್ಕೆ ಮರಳುವುದಂತೂ ಇಲ್ಲ. ಸಂಬಳ, ಅಕ್ಕಿಬೇಳೆ, ಗ್ಯಾಸು, ಸಾಲ ಯಾವುದೂ ಅಲ್ಲಿ ನಿಂತಿಲ್ಲ. ಆದರೆ ಏರಿಕೆಯ ವೇಗ ತಗ್ಗುವುದಕ್ಕೆ ಕಾರಣಗಳಿವೆ. ಜಾಗತಿಕ ಪ್ರವಾಸ 2024ರ ಹೊತ್ತಿಗೆ ಹೆಚ್ಚು ಕಡಿಮೆ ಹಳೆಯ ಮಟ್ಟ ಮುಟ್ಟಿ ಸುಮಾರು 140 ಕೋಟಿ ಅಂತರರಾಷ್ಟ್ರೀಯ ಪ್ರಯಾಣಗಳಾದವು. ವಿದೇಶದ ದಾರಿ ತೆರೆದ ಮೇಲೆ ಬೆಂಗಳೂರಿನ ಅನುಕೂಲಸ್ಥರಿಗೆ ಕನಕಪುರದ ತೋಟದ ಮನೆಯೊಂದೇ ಆಯ್ಕೆಯಲ್ಲ. ಸಾಂಕ್ರಾಮಿಕದ ಕಾಲದ ಗಿರಾಕಿಯನ್ನು ನಂಬಿ ಕಟ್ಟಿದ ಹೊಸ ತಂಗುದಾಣಗಳು ಅದೇ ಶನಿವಾರಕ್ಕೆ ಪೈಪೋಟಿ ನಡೆಸಬೇಕು. ಶನಿವಾರಕ್ಕೂ ಮಂಗಳವಾರಕ್ಕೂ ಇರುವ ಅಂತರ ಕಿರಿದಾಗಬೇಕಾದರೆ ವಾರದ ನಡುವೆ ಬರುವವರು ಬೇಕು: ಶಾಲಾ ಪ್ರವಾಸ, ನಿವೃತ್ತರ ತಂಡ, ಕಚೇರಿಗಳ ಕಾರ್ಯಾಗಾರ. ಜಾನಪದ ಲೋಕದಂಥ ಸಂಸ್ಥೆಗಳಿಗೆ ಈ ಕೆಲಸ ಹೊಸದಲ್ಲ.

ರಸ್ತೆಯ ದರದಲ್ಲಿ ಈಚೆಗೆ ಒಂದು ದೊಡ್ಡ ಬದಲಾವಣೆ ಆಗಿದೆ. 2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ 3,000 ರೂಪಾಯಿಯ ವಾರ್ಷಿಕ ಫಾಸ್ಟ್ಯಾಗ್ ಪಾಸ್ ಬಂತು. ವರ್ಷಕ್ಕೆ 200 ಸಲ ಟೋಲ್ ದಾಟಬಹುದು. ಆ ದರದಲ್ಲಿ ಪೂರ್ತಿ ಬಳಸಿದವನಿಗೆ ಒಂದು ಸಲಕ್ಕೆ ಬಿದ್ದದ್ದು 15 ರೂಪಾಯಿ. 2023ರಲ್ಲಿ 250 ರೂಪಾಯಿ ಹಿಡಿಯುತ್ತಿದ್ದ ಹೋಗಿಬರುವಿಕೆ ಅವನಿಗೆ 30 ರೂಪಾಯಿಗೆ ಇಳಿಯಿತು. ಬಾಡಿಗೆ ಕಾರಿಗೆ ಈ ಪಾಸ್ ಇಲ್ಲ, ಹಾಗಾಗಿ ಸ್ವಂತ ಕಾರಿದ್ದವನ ಪ್ರವಾಸ ಅಗ್ಗವಾಗಿ, ಟ್ಯಾಕ್ಸಿ ಹಿಡಿಯುವವನದು ಹಾಗೇ ಉಳಿಯುತ್ತದೆ. ಹೋಗಿಬರುವುದು ಅಗ್ಗವಾದಷ್ಟೂ ರಾತ್ರಿ ತಂಗುವ ಕಾರಣ ಕಡಿಮೆಯಾಗುತ್ತದೆ. ದಿನದ ಪ್ರವಾಸಿಗರು ಹೆಚ್ಚಿ, ಕೋಣೆಗಳ ಬಾಡಿಗೆ ಅಲ್ಲಲ್ಲೇ ನಿಲ್ಲುವ ಸಂಭವವಿದೆ. ಬಂದ ಕಾರು ಊರೊಳಗೆ ಇಳಿಯುತ್ತದೆಯೇ ಇಲ್ಲವೇ ಎಂಬುದು ಬೈಪಾಸಿನಿಂದ ಇಳಿಯುವ ದಾರಿ, ಅಲ್ಲಿನ ಫಲಕ, ವಾಹನ ನಿಲ್ಲಿಸುವ ಜಾಗ ಇವುಗಳನ್ನು ಅವಲಂಬಿಸಿದೆ.

ಕಾರಿಲ್ಲದವರಿಗೆ ಮೆಟ್ರೊ ಎರಡು ಕಡೆಯಿಂದ ಈ ಸೀಮೆಯತ್ತ ಚಾಚಿದೆ. ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯವರೆಗೆ 2021ರ ಜನವರಿಯಲ್ಲಿ, ಮೈಸೂರು ರಸ್ತೆಯ ಚಲ್ಲಘಟ್ಟದವರೆಗೆ 2023ರ ಅಕ್ಟೋಬರ್‌ನಲ್ಲಿ ಸಂಚಾರ ಆರಂಭವಾಯಿತು. 2025ರ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದಾಗ ಈ ದಾರಿಯೂ ದುಬಾರಿಯಾಯಿತು. ಆ ನಿಲ್ದಾಣಗಳಿಂದ ಮುಂದಕ್ಕೆ ಸಂಗಮಕ್ಕೋ ಸಾವನದುರ್ಗಕ್ಕೋ ಬೆಳಿಗ್ಗೆ ಹೊರಟು ಸಂಜೆ ಮರಳುವ ನೇರ ಬಸ್ಸುಗಳು ಭಾನುವಾರವಾದರೂ ಸಾಕಷ್ಟು ಇದ್ದರೆ ಬಾಡಿಗೆ ಕಾರು ಕೇಳುವ ದರಕ್ಕೆ ತಾನಾಗಿಯೇ ಒಂದು ಮಿತಿ ಬೀಳುತ್ತದೆ. ಮೈಸೂರು ರಸ್ತೆಯ ಬಸ್ಸುಗಳು ದಶಪಥ ಹತ್ತದೆ ಹಳೆಯ ರಸ್ತೆಯಲ್ಲಿ ಬಿಡದಿ, ರಾಮನಗರ, ಚನ್ನಪಟ್ಟಣಗಳ ಒಳಗೇ ಹಾಯ್ದರೆ ತಿಂಡಿಗೂ ಬೊಂಬೆಗೂ ಜನ ಇಳಿಯುತ್ತಾರೆ.